ಲಾಡುವಿನ ಚಕ್ರಕ್ಕೆ ನಿಂಬೆಹಣ್ಣು

ಇವತ್ತು ಬೆಳಗ್ಗೆ ಬಾಗಿಲಿಗೆ ನೀರು ಹಾಕಲು ಹೋದಾಗ ರಂಗೋಲಿ ಬಿಡುವ ಜಾಗದಲ್ಲೇ ಒಂದು ನಿಂಬೆಹಣ್ಣು ಬಿದ್ದಿತ್ತು. ನಡುವಿಗೆ ಸರಿಯಾಗಿ ಸೀಳಿ ಎರಡು ಹೋಳಾಗಿತ್ತು, ಮೈಗೆಲ್ಲ ಕುಂಕುಮ ಮೆತ್ತಿತ್ತು. ಗಾಬರಿಯಾಗಬೇಡಿ, ಮಾಟದ್ದಲ್ಲ. ನಮ್ಮ ಮನೆ ಪದ್ಮನಾಭನಗರದಲ್ಲಿ ಒಂದು ಗಣಪತಿ ಗುಡಿಯ ಎದುರಿಗೇ ಇದೆ. ಸುತ್ತಮುತ್ತಲಿನವರು ಹೊಸ ಗಾಡಿ ಕೊಂಡರೆ ಷೋರೂಮಿನಿಂದ ನೆಟ್ಟಗೆ ಇಲ್ಲಿಗೆ ತರುತ್ತಾರೆ. ಹಾರ, ಆರತಿ, ಈಡುಗಾಯಿ, ಕೊನೆಗೆ ನಾಲ್ಕು ಚಕ್ರದಡಿಗೆ ನಾಲ್ಕು ನಿಂಬೆಹಣ್ಣು. ಗಾಡಿ ಅವರ ಮನೆಗೆ ಹೋಗುತ್ತದೆ, ನಿಂಬೆಹಣ್ಣು ನಮ್ಮ ಮನೆಗೆ ಬರುತ್ತದೆ.

ಬೇರೆ ಯಾರಾದರೂ ಆಗಿದ್ದರೆ ಗೊಣಗಿಕೊಂಡು ಗುಡಿಸಿ ಹಾಕುತ್ತಿದ್ದರು. ನಾನು ಪೊರಕೆ ಪಕ್ಕಕ್ಕಿಟ್ಟು ಕುಕ್ಕರುಗಾಲಲ್ಲಿ ಕೂತು ನೋಡಿದೆ. ಈ ವಿದ್ಯೆ ನನಗೆ ವರ್ಷಗಳಿಂದ ಕೈಹತ್ತಿದೆ. ಅಗಲ ಚಕ್ರದ ದೊಡ್ಡ ಗಾಡಿ ಹತ್ತಿದರೆ ಹಣ್ಣು ಸೆಟ್ ದೋಸೆಯ ಹಾಗೆ ಚಪ್ಪಟೆಯಾಗಿ ರಸ್ತೆಗೆ ಅಂಟಿಕೊಳ್ಳುತ್ತದೆ. ಸಣ್ಣ ಚಕ್ರದ ಸಣ್ಣ ಕಾರು ಹತ್ತಿದರೆ ಹಣ್ಣು ಪಿಚಕ್ಕನೆ ಸೀಳಿ ಒಂದು ಹೋಳು ಆ ಕಡೆ, ಒಂದು ಹೋಳು ಈ ಕಡೆ ಹಾರುತ್ತದೆ. ಇವತ್ತಿನದು ಸೀಳಿದ ಹಣ್ಣು. ಅದು ಯಾರ ಕಾರಿನದೆಂದೂ ನನಗೆ ಗೊತ್ತು. ಆದರೆ ಅದನ್ನು ಹೇಳಬೇಕಾದರೆ ಮೊದಲು ನನ್ನ ಹುಚ್ಚಿನ ವಿಚಾರ ಹೇಳಬೇಕು.

ಕೆಲವು ಹೆಂಗಸರು ಚಿನ್ನದ ರೇಟು ನೋಡುತ್ತಾರೆ, ಕೆಲವರು ಧಾರಾವಾಹಿ ನೋಡುತ್ತಾರೆ. ನಾನು ತಿಂಗಳ ಒಂದನೇ ತಾರೀಖು ನೋಡುತ್ತೇನೆ. ಅವತ್ತು ಕಾರಿನ ಕಂಪನಿಗಳು ಹಿಂದಿನ ತಿಂಗಳು ಎಷ್ಟು ಕಾರು ಮಾರಾಟವಾಯಿತೆಂದು ಹೇಳುವ ದಿನ. ಒಲೆಯ ಮೇಲೆ ಸಾರು ಕುದಿಯುತ್ತಿರುತ್ತದೆ, ನನ್ನ ಕಣ್ಣು ಫೋನಿನಲ್ಲಿರುತ್ತದೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ಸ್ಕೂಲಿನ ಗೋಡೆಯ ಮೇಲೆ ನಂಬರು ಹುಡುಕಿದ ಹಾಗೆ ಹುಡುಕುತ್ತೇನೆ. ನನ್ನ ಕಂಪನಿ ಮೇಲೆ ಹೋಗಿದ್ದರೆ ಅವತ್ತು ಮನೆಯಲ್ಲಿ ಹೆಸರುಬೇಳೆ ಪಾಯಸ. ಕೆಳಗೆ ಬಂದಿದ್ದರೆ ಸಾರಿಗೆ ಉಪ್ಪು ಹೆಚ್ಚು. ಕಂಪನಿಯ ಹೆಸರು ಮಾತ್ರ ಕೇಳಬೇಡಿ. ಹೇಳಿದರೆ ಓದುವವರಲ್ಲಿ ಅರ್ಧ ಜನ ಇಲ್ಲೇ ಜಗಳಕ್ಕೆ ನಿಲ್ಲುತ್ತೀರಿ.

ಈ ರೋಗದ ಬೇರು ಜಯನಗರದ ಒಂದು ಕಾಂಪೌಂಡ್ ಗೋಡೆಯ ಮೇಲಿದೆ. ನಮ್ಮಪ್ಪನಿಗೆ ಫೋರ್ತ್ ಬ್ಲಾಕಿನಲ್ಲಿ ಗುಂಡಿ, ಲೇಸು, ನೂಲಿನುಂಡೆ ಮಾರುವ ಅಂಗಡಿಯಿತ್ತು. ನಾವು ನಾಲ್ಕು ಜನ ಒಂದೇ ಸ್ಕೂಟರಿನಲ್ಲಿ ಹೋಗುತ್ತಿದ್ದ ಕಾಲ ಅದು. ಬೇಸಿಗೆ ರಜದ ಮಧ್ಯಾಹ್ನಗಳಲ್ಲಿ ಅಣ್ಣ ಮಂಜಣ್ಣನೂ ನಾನೂ ಗೋಡೆ ಹತ್ತಿ ಕೂರುತ್ತಿದ್ದೆವು. ಕಲ್ಲು ಕಾದು ತೊಡೆ ಚುರುಗುಟ್ಟುತ್ತಿತ್ತು. ಫ್ರಾಕಿನ ಮಡಿಲಲ್ಲಿ ಕಡ್ಲೆಪುರಿ. ಆಟ ಇಷ್ಟೇ: ಒಬ್ಬೊಬ್ಬರು ಒಂದೊಂದು ಕಂಪನಿ ತೆಗೆದುಕೊಳ್ಳುವುದು, ರಸ್ತೆಯಲ್ಲಿ ಅದರ ಕಾರು ಬಂದರೆ ಒಂದು ಪಾಯಿಂಟು.

ಮಂಜಣ್ಣ ದೊಡ್ಡವನು, ಹಾಗಾಗಿ ಟ್ಯಾಕ್ಸಿಯವರೂ ಸರ್ಕಾರದವರೂ ಓಡಿಸುತ್ತಿದ್ದ ಹೊಟ್ಟೆ ಕಾರು ಅವನದು. "ನೀನು ಚಿಕ್ಕೋಳು, ಚಿಕ್ಕ ಕಾರು ತಗೋ" ಎಂದು ಆಗಷ್ಟೇ ಬಂದಿದ್ದ ಹೊಸ ಕಂಪನಿಯನ್ನು ನನಗೆ ದಾನ ಮಾಡಿದ. ಆ ಕಾರು ಬೀದಿಯಲ್ಲಿ ಕಾಣುವುದೇ ಅಪರೂಪ. ಅವನ ಪಾಯಿಂಟು ಎಣಿಸಲು ಕಡ್ಲೆಪುರಿ ಸಾಲದು, ನನ್ನದಕ್ಕೆ ಒಂದು ಕೈಯ ಬೆರಳೇ ಹೆಚ್ಚಾಗುತ್ತಿತ್ತು. ಆದರೂ ದೂರದ ತಿರುವಿನಲ್ಲಿ ಒಂದು ಗುಂಡನೆಯ ಬೆನ್ನು ಕಂಡರೆ ನಾನು ಗೋಡೆಯ ಮೇಲೆ ಎದ್ದು ನಿಂತುಬಿಡುತ್ತಿದ್ದೆ. ಒಳಗಿಂದ ಅಮ್ಮ, "ಬಿದ್ದು ಮೂಳೆ ಮುರ್ಕೊಂಡ್ರೆ ನಿನ್ ಕಂಪನಿಯೋರು ಬಂದು ಕಟ್ಟು ಹಾಕ್ಸಲ್ಲ ಕಣೆ" ಎನ್ನುತ್ತಿದ್ದಳು.

ಕೆಲವೇ ವರ್ಷಕ್ಕೆ ರಸ್ತೆಯೇ ಬದಲಾಯಿತು. ಎಲ್ಲಿ ನೋಡಿದರೂ ಗುಂಡನೆಯ ಬೆನ್ನು. ಆಗ ಮಂಜಣ್ಣನಿಗೆ ಇದ್ದಕ್ಕಿದ್ದಂತೆ ಬಿಸಿಲು ಜಾಸ್ತಿಯಾಯಿತು, ಆಟ ನಿಂತಿತು. ನನ್ನ ಮಟ್ಟಿಗೆ ಮಾತ್ರ ಅದು ಇಂದಿಗೂ ನಿಂತಿಲ್ಲ.

ಮದುವೆಯಾಗಿ ಎಷ್ಟೋ ಕಾಲದ ಮೇಲೆ ನಮ್ಮ ಮನೆಗೂ ಕಾರು ಬಂತು. ಅದೇ ಕಂಪನಿಯದು, ಹಳದಿ ಬಣ್ಣ, ಯಾವ ಕಡೆಯಿಂದ ನೋಡಿದರೂ ಗುಂಡಗೆ. ನಮ್ಮ ಬೀದಿಯ ಮಕ್ಕಳು "ಲಾಡು" ಎಂದು ಹೆಸರಿಟ್ಟರು. ನಮ್ಮ ಬೀದಿ ಒಂದೇ ಅಲ್ಲ, ಬನಶಂಕರಿಯಲ್ಲೂ ಜೆ.ಪಿ. ನಗರದಲ್ಲೂ ಆ ಕಾರಿಗೆ ಅದೇ ಹೆಸರಂತೆ. ಇದು ನನಗೆ ತಿಳಿದದ್ದು "ಲಾಡು ಬಳಗ" ಎಂಬ ವಾಟ್ಸಾಪ್ ಗುಂಪಿಗೆ ಸೇರಿದ ಮೇಲೆ. ಬಿ.ಟಿ.ಎಂ. ಲೇಔಟಿನ ಕಿರಣ ಅದರ ಅಡ್ಮಿನ್. ಆಫೀಸಿನಲ್ಲಿ ಏನು ಕೆಲಸವೋ ಕಾಣೆ, ಗುಂಪಿನಲ್ಲಿ ಅವನದು ಪೂರ್ಣಾವಧಿ ಕೆಲಸ.

ತಿಂಗಳಿಗೊಂದು ಭಾನುವಾರ ಬೆಳಗ್ಗೆ ನಾವೆಲ್ಲ ಜಯನಗರದ ಒಂದು ದರ್ಶಿನಿಯ ಮುಂದೆ ಸೇರುತ್ತೇವೆ. ಲಾಡುಗಳು ಸಾಲಾಗಿ ನಿಂತರೆ ಮಿಠಾಯಿ ಅಂಗಡಿಯ ತಟ್ಟೆಯ ಹಾಗೆ ಕಾಣುತ್ತದೆ. ಬಾನೆಟ್ಟಿನ ಮೇಲೆ ಇಡ್ಲಿ ತಟ್ಟೆ, ಕೈಯಲ್ಲಿ ಕಾಫಿ, ಬಾಯಲ್ಲಿ ಕಂಪನಿಗೆ ಬೈಗುಳ.

ಬೈಗುಳ ಯಾಕೆಂದರೆ ಈಚೆಗೆ ನಮ್ಮ ಕಂಪನಿ ಎತ್ತರದ ಗಾಡಿಗಳ ಹಿಂದೆ ಬಿದ್ದಿದೆ. ಮುಂದೆ ಹಲ್ಲು ಕಿರಿದ ಹಾಗೆ ಜಾಲರಿ, ಒಳಗೆ ಟೀವಿಯಷ್ಟು ದೊಡ್ಡ ಪರದೆ. ಏಸಿ ಹಾಕಲು ತಿರುಗಿಸುವ ಗುಬುಟು ಕೂಡ ಇಲ್ಲ, ಎಲ್ಲ ಪರದೆಯ ಮೇಲೆ ಒತ್ತಬೇಕು. ಆ ಗಾಡಿಗಳು ತಿಂಗಳು ತಿಂಗಳೂ ಮೇಲೆ ಹೋಗುತ್ತಿವೆ, ಲಾಡು ಇಳಿಯುತ್ತಿದೆ. ಹೀಗೇ ಇಳಿದರೆ ಕಂಪನಿ ಲಾಡು ಮಾಡುವುದನ್ನೇ ನಿಲ್ಲಿಸುತ್ತದೆಂಬ ಗಾಳಿಮಾತು ಹಬ್ಬಿತ್ತು.

"ಗುರು, ಅದನ್ನ ಕಾರು ಅಂತಾರಾ? ಚಕ್ರ ಇರೋ ಟು ಬೆಡ್‌ರೂಮ್ ಮನೆ ಅದು" ಎಂದು ಕಿರಣ ಆಷಾಢದ ಒಂದು ಭಾನುವಾರ ವಡೆ ಮುರಿಯುತ್ತ ಹೇಳಿದ. "ಎಮ್ಮೆ, ಎಮ್ಮೆ ಗುರು. ಕಂಪನಿಯೋರಿಗೆ ತಲೆ ಕೆಟ್ಟಿದೆ."

"ಎಮ್ಮೆ ಹಾಲಾದ್ರೂ ಕೊಡುತ್ತಪ್ಪ, ಇದು ಪೆಟ್ರೋಲ್ ಕುಡಿಯುತ್ತೆ ಅಷ್ಟೇ" ಎಂದೆ ನಾನು. ಎಲ್ಲರೂ ನಕ್ಕರು. ಆ ನಗು ನನಗೆ ಎಷ್ಟು ಇಷ್ಟವಾಯಿತೆಂದರೆ ಮನೆಗೆ ಹೋಗಿ ನಮ್ಮನೆಯವರಿಗೂ ಅದೇ ಮಾತು ಹೇಳಿದೆ.

ಅವರು ನಗಲಿಲ್ಲ. ಪೇಪರಿನ ಹಿಂದಿನಿಂದಲೇ, "ಅಮ್ಮನ ಮಂಡಿ ವಿಷ್ಯ ಏನ್ ಮಾಡೋಣ?" ಎಂದರು.

ಇದನ್ನೂ ಹೇಳಬೇಕು. ನಮ್ಮತ್ತೆಯ ಮಂಡಿ ಕೈಕೊಟ್ಟು ವರ್ಷವಾಯಿತು. ಲಾಡುವಿನ ಸೀಟು ತಗ್ಗು. ಕೂರುವಾಗ ಬಾವಿಗೆ ಇಳಿದ ಹಾಗೆ ಇಳಿಯುತ್ತಾರೆ, ಏಳುವಾಗ ಇಬ್ಬರು ಸೇದಬೇಕು. ಆ ವಾರ ಜಯನಗರದ ಕ್ಲಿನಿಕ್ಕಿನ ಮುಂದೆ ಅರ್ಧ ಒಳಗೆ ಅರ್ಧ ಹೊರಗೆ ಸಿಕ್ಕಿಕೊಂಡುಬಿಟ್ಟರು. ನಾನೊಂದು ಕೈ, ಒಬ್ಬ ಆಟೋದವನು ಒಂದು ಕೈ ಹಿಡಿದೆವು. "ಬನ್ನಿ ಅಜ್ಜಿ, ಬನ್ನಿ ಬನ್ನಿ, ಸ್ವಲ್ಪ ಲೆಫ್ಟು" ಎಂದು ಅವನು ಲಾರಿ ಹಿಂದಕ್ಕೆ ತೆಗೆಸುವವನಂತೆ ದಾರಿ ಹೇಳಿದ. ಅತ್ತೆಯೇ ಮೊದಲು ನಕ್ಕದ್ದು. ಅವತ್ತಿನಿಂದ ಮಾತ್ರ ಎಲ್ಲಿಗೆ ಕರೆದರೂ "ನೀವ್ ಹೋಗ್ಬನ್ನಿ, ನಂಗೆ ಟೀವಿ ಇದೆ" ಎನ್ನತೊಡಗಿದರು. ತಿರುಗಾಟವೆಂದರೆ ಊಟ ಬಿಟ್ಟು ಬರುತ್ತಿದ್ದ ಹೆಂಗಸು.

ಕಾರು ಬದಲಾಯಿಸುವುದಂತೂ ಸರಿ. ಎತ್ತರದ್ದು ತೆಗೆದುಕೊಳ್ಳೋಣವೆಂದು ನಮ್ಮನೆಯವರು. ಹೊಸ ಲಾಡುವಿನ ಸೀಟನ್ನು ಈಗ ಎತ್ತರ ಮಾಡಿಕೊಳ್ಳಬಹುದು, ಅದೇ ಸಾಕೆಂದು ನಾನು. ಆಷಾಢದಲ್ಲಿ ಯಾರೂ ಗಾಡಿ ಕೊಳ್ಳುವುದಿಲ್ಲವಾದ್ದರಿಂದ ಜಗಳಕ್ಕೆ ಬೇಕಾದಷ್ಟು ಸಮಯವಿತ್ತು. ಕೊನೆಗೆ ಅವರೇ ಒಂದು ದಾರಿ ಹೇಳಿದರು.

"ಕಂಪನಿಯೋರೇ ಕೈಬಿಡೋ ಗಾಡೀನ ನಾವ್ಯಾಕೆ ಹಿಡ್ಕೊಂಡ್ ಕೂರ್ಬೇಕು? ಒಂದ್ ಕೆಲ್ಸ ಮಾಡು. ಶ್ರಾವಣ ಮುಗೀಲಿ. ಒಂದನೇ ತಾರೀಖು ನಿನ್ ಲಾಡು ಮೇಲ್ ಹೋಗಿದ್ರೆ ಹೊಸ ಲಾಡು. ಕೆಳಗ್ ಬಂದಿದ್ರೆ ಎತ್ತರದ್ದು. ಆಮೇಲೆ ಮಾತಿಲ್ಲ."

"ಮಾತಿಲ್ಲ" ಎಂದೆ. ಮನೆಗೆ ಯಾವ ಕಾರು ಬೇಕೆಂಬುದನ್ನು ದೇಶದ ಮಾರಾಟದ ಲೆಕ್ಕಕ್ಕೆ ಬಿಟ್ಟುಕೊಟ್ಟ ಬೇರೆ ಸಂಸಾರ ಇದೆಯೋ ಇಲ್ಲವೋ ನನಗೆ ತಿಳಿಯದು. ಆದರೆ ನನಗೆ ಆಗ ಎಳ್ಳಷ್ಟೂ ಅಳುಕಿರಲಿಲ್ಲ. ನನ್ನ ಬಳಿ ನಿಂಬೆಹಣ್ಣುಗಳಿದ್ದವಲ್ಲ.

ಶ್ರಾವಣ ಹುಟ್ಟಿದ್ದೇ ಗುಡಿಯ ಮುಂದೆ ಗಾಡಿಗಳ ಸಾಲು ಹತ್ತಿತು. ನಾನು ಮಹಡಿಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತ, ಸೊಪ್ಪು ಬಿಡಿಸುತ್ತ ಕಣ್ಣಿಟ್ಟಿದ್ದೆ. ಒಂದು ಎತ್ತರದ್ದು, ಆಮೇಲೊಂದು ಲಾಡು. ಮತ್ತೊಂದು ಲಾಡು. ಶುಕ್ರವಾರ ಸಂಜೆಯಂತೂ ಒಂದರ ಹಿಂದೊಂದು ಲಾಡು ಬಂದು ನಿಂತವು, ಕೆಂಪು, ಬಿಳಿ, ನಮ್ಮ ಹಳದಿಯಂಥದ್ದೇ ಇನ್ನೊಂದು. ತೊಳೆದು ಉಜ್ಜಿ ಫಳಫಳ ಹೊಳೆಯುತ್ತಿದ್ದವು, ಮುಂದೆ ಸೇವಂತಿಗೆಯ ದಪ್ಪ ಹಾರ. ಮರುದಿನ ಬಾಗಿಲಲ್ಲಿ ಸೀಳಿದ ನಿಂಬೆಹಣ್ಣುಗಳ ಸುಗ್ಗಿ. ರಂಗೋಲಿಗೆ ಜಾಗವಿಲ್ಲ. ಗುಡಿಸುವಾಗ ನನಗೆ ಹಾಡು ಬರುತ್ತಿತ್ತು.

ಬಳಗದಲ್ಲಿ ಸುದ್ದಿ ಹಾಕಿದೆ: ಲಾಡು ಎದ್ದಿದೆ.

ಕಿರಣ ತಕ್ಷಣ ಫೋನ್ ಮಾಡಿದ. "ಅಕ್ಕ, ನಿಜ ಹೇಳ್ತಿದೀರಾ?"

"ನನ್ ಬಾಗಿಲಿಗೆ ಬಂದು ನೋಡಪ್ಪ. ನಿಂಬೆಹಣ್ಣು ಸುಳ್ಳು ಹೇಳಲ್ಲ."

"ಸೂಪರ್ ಅಕ್ಕ. ಇದೇ ಕರೆಕ್ಟ್ ಲೆಕ್ಕ. ಕಂಪನಿಯೋರು ಒಂದನೇ ತಾರೀಖು ಕೊಡೋದು ಷೋರೂಮಿಗೆ ಎಷ್ಟು ಕಳ್ಸಿದ್ವಿ ಅನ್ನೋದು. ಜನ ಎಷ್ಟು ತಗೊಂಡ್ರು ಅನ್ನೋದು ನಿಮ್ ಬಾಗಿಲಲ್ಲಿದೆ."

ನಾನು ಉಬ್ಬಿದೆ. ಷೋರೂಮಿನಲ್ಲಿ ಧೂಳು ಹಿಡಿದು ನಿಂತ ಕಾರಿಗೆ ಯಾರೂ ನಿಂಬೆಹಣ್ಣು ಇಡುವುದಿಲ್ಲ. ಪೂಜೆಯಾಯಿತೆಂದರೆ ಮಾರಾಟವಾಯಿತೆಂದೇ ಅರ್ಥ. ಗುಂಪಿನಲ್ಲಿ ಹಬ್ಬವೋ ಹಬ್ಬ. ಒಬ್ಬರು ಲಾಡು ಚಿತ್ರ ಹಾಕಿದರು, ಒಬ್ಬರು ತಿನ್ನುವ ಲಾಡುವನ್ನೇ ಮಾಡಿ ಫೋಟೋ ಹಾಕಿದರು. ಮಂಜಣ್ಣನಿಗೂ ಫೋನ್ ಮಾಡಿ, "ಆಟ ಇನ್ನೂ ಮುಗ್ದಿಲ್ಲ ಕಣೋ" ಎಂದೆ. ಅವನು, "ನಿಂಗೆ ಇನ್ನೂ ಬಿಸಿಲು ಹೊಡೀತಿದೆ, ಗೋಡೆ ಇಳಿಯೇ" ಎಂದ.

ಒಂದನೇ ತಾರೀಖು ಬಂತು. ಪಾಯಸಕ್ಕೆ ಹೆಸರುಬೇಳೆ ಹುರಿದಿಟ್ಟುಕೊಂಡೇ ಫೋನ್ ತೆಗೆದೆ.

ಲಾಡು ಇಳಿದಿತ್ತು. ಸುಮ್ಮನೆ ಇಳಿದದ್ದಲ್ಲ, ಆಷಾಢಕ್ಕಿಂತ ಕೆಳಗೆ.

ಹುರಿದ ಬೇಳೆಯನ್ನು ಡಬ್ಬಕ್ಕೆ ಸುರಿದೆ. ಬಳಗದಲ್ಲಿ ಕಿರಣ, "ಅಕ್ಕ, ನಿಂಬೆಹಣ್ಣು?" ಎಂದು ಮಾತ್ರ ಬರೆದ. ನಮ್ಮನೆಯವರು ಮೂವತ್ತು ವರ್ಷ ಸಂಸಾರ ಮಾಡಿದವರು, ಗೆದ್ದಾಗ ಸುಮ್ಮನಿರುವುದು ಹೇಗೆಂದು ಕಲಿತಿದ್ದಾರೆ. ಕಾಫಿ ಮಾತ್ರ ತಾವೇ ಮಾಡಿಕೊಟ್ಟರು. ಅದು ಇನ್ನೂ ಚುಚ್ಚಿತು.

ಆದರೆ ಕಣ್ಣಾರೆ ಕಂಡದ್ದು ಎಲ್ಲಿ ಹೋಯಿತು? ಮರುದಿನ ಸಂಜೆ ಗುಡಿಯ ಮುಂದೆ ಮತ್ತೊಂದು ಲಾಡು ಬಂದು ನಿಂತಾಗ ನಾನು ಬಾಲ್ಕನಿಯಲ್ಲಿ ನಿಲ್ಲಲಿಲ್ಲ. ಕೈಯಲ್ಲಿದ್ದ ಸೌಟಿನ ಸಮೇತ ಕೆಳಗಿಳಿದೆ. ಕಾರಿನ ಪಕ್ಕ ಮೈಸೂರು ಸಿಲ್ಕ್ ಸೀರೆಯುಟ್ಟ ಒಬ್ಬಳು ಕೈಮುಗಿದು ನಿಂತಿದ್ದಳು. ಹತ್ತಿರ ಹೋಗಿ ಹಾರವನ್ನು ಮೆಲ್ಲಗೆ ಎತ್ತಿ ನೋಡಿದೆ. ಒಳಗಿದ್ದ ನಂಬರು ನಮ್ಮ ಕಾರಿನದಕ್ಕಿಂತಲೂ ಹಳೆಯದು.

"ಏನಾಯ್ತು ಆಂಟಿ?" ಎಂದಳು ಅವಳು ಗಾಬರಿಯಿಂದ. ಗಾಬರಿಯಾಗದೆ ಏನು, ಸೌಟು ಹಿಡಿದವಳೊಬ್ಬಳು ಬಂದು ಹಾರ ಎತ್ತಿದರೆ.

"ಏನಿಲ್ಲಮ್ಮ. ಹೊಸದಾ ಅಂತ."

"ಸೆಕೆಂಡ್ ಹ್ಯಾಂಡ್ ಆಂಟಿ. ಆದ್ರೆ ನಮಗೆ ಹೊಸದೇ ಅಲ್ವಾ" ಎಂದು ನಕ್ಕಳು. ಹೆಸರು ವಿದ್ಯಾ, ಹೊಸಕೆರೆಹಳ್ಳಿ ಕಡೆಯವಳು, ನಮ್ಮ ಹಿಂದಿನ ಬೀದಿಯಲ್ಲೇ ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳೆ. ರಿಂಗ್ ರೋಡಿನಲ್ಲಿ ಹಳೆ ಕಾರು ಮಾರುವ ದೊಡ್ಡ ಅಂಗಡಿ ಆಗಿದೆಯಂತೆ. ಶ್ರಾವಣದಲ್ಲಿ ಅಲ್ಲಿ ಲಾಡುಗಳಿಗೆ ಮುಗಿಬಿದ್ದರಂತೆ. "ಇನ್ನು ಕಂಪನಿಯೋರು ಮಾಡಲ್ಲ ಅಂತಾರಲ್ಲ ಆಂಟಿ, ಅದಕ್ಕೆ. ನನ್ ತಂಗಿ ರೂಪಂಗೂ ಇಂಥದ್ದೇ ಬೇಕು. ಹೋಗೋಷ್ಟರಲ್ಲಿ ಖಾಲಿ."

ನಿಂಬೆಹಣ್ಣು ಸುಳ್ಳು ಹೇಳಿರಲಿಲ್ಲ. ಅದಕ್ಕೆ ಹೊಸದು, ಹಳೆಯದು ಎಂಬ ಭೇದ ತಿಳಿಯದು ಅಷ್ಟೇ. ಮೇಲಿನಿಂದ ನೋಡಿದ ನನಗೂ ಹಾರದ ಕೆಳಗಿನ ನಂಬರು ಕಾಣದೆ ಹೋಗಿತ್ತು. ಸೋತೆನೆಂಬುದನ್ನು ಮರೆತು ಅಲ್ಲೇ ನಿಂತು ಅವಳಿಗೆ ಲಾಡುವಿನ ಗುಣಗಾನ ಶುರುಮಾಡಿದೆ. ಮಳೆಯಲ್ಲಿ ಎಡಗಡೆ ಬಾಗಿಲು ಹೇಗೆ ಒತ್ತಬೇಕು, ಎರಡನೇ ಗೇರು ಹೇಗೆ ಮುದ್ದಿನಿಂದ ಹಾಕಬೇಕು, ಡಿಕ್ಕಿಯಲ್ಲಿ ಕುಕ್ಕರ್ ಎಲ್ಲಿಟ್ಟರೆ ಸದ್ದು ಮಾಡುವುದಿಲ್ಲ. ಮೇಲೆ ಪಲ್ಯ ಸೀದ ವಾಸನೆ ಬಂದಾಗಲೇ ನನಗೆ ಸೌಟಿನ ನೆನಪಾದದ್ದು.

ಮಾತು ಮಾತೇ. ಆ ಭಾನುವಾರ ಎತ್ತರದ ಗಾಡಿಯ ಟೆಸ್ಟ್ ಡ್ರೈವಿಗೆ ಹೋದೆವು. ನಾನು ಮುಖ ಗಂಟು ಹಾಕಿಕೊಂಡೇ ಬಾಗಿಲು ತೆಗೆದೆ. ಅತ್ತೆ ಬೆನ್ನು ತಿರುಗಿಸಿ ಅಡುಗೆಮನೆ ಸ್ಟೂಲಿನ ಮೇಲೆ ಕೂರುವ ಹಾಗೆ ಕೂತರು, ಎರಡೂ ಕಾಲು ಒಳಗೆ ತೆಗೆದುಕೊಂಡರು. ಅಷ್ಟೇ. ಬಾವಿಯಿಲ್ಲ, ಸೇದುವುದಿಲ್ಲ.

ಕೂತವರು ಇಳಿದರು, ಮತ್ತೆ ಹತ್ತಿದರು. ಮತ್ತೆ ಇಳಿದರು. ಷೋರೂಮಿನ ಹುಡುಗಿ, "ಅಜ್ಜಿ, ಏನಾದ್ರೂ ತೊಂದ್ರೆನಾ?" ಎಂದಳು.

"ಇಲ್ಲಮ್ಮ. ಚೆನ್ನಾಗಿದೆ, ಅದಕ್ಕೆ" ಎಂದರು ಅತ್ತೆ.

ಹೊಸಕೆರೆಹಳ್ಳಿ ಕೆರೆಯ ಕಡೆಗೆ ಒಂದು ಸುತ್ತು ಬಂದೆವು. ಸ್ಟೀರಿಂಗ್ ನನ್ನ ಕೈಯಲ್ಲಿತ್ತು. ಅತ್ತೆ ಮುಂದಿನ ಸೀಟಿನಲ್ಲಿ ರಾಣಿಯ ಹಾಗೆ ಕೂತು, "ಇಲ್ಲಿಂದ ಎಲ್ಲರ ಕಾಂಪೌಂಡ್ ಒಳಗೂ ಕಾಣ್ಸುತ್ತೆ ಕಣೆ. ನೋಡು, ಆ ಮನೇಲಿ ಹಪ್ಪಳ ಒಣಹಾಕಿದಾರೆ. ಈ ಕಾಲದಲ್ಲೂ" ಎಂದರು. ನಾನೂ ನೋಡಿದೆ. ನಿಜವಾಗಿಯೂ ಕಾಣುತ್ತಿತ್ತು. ರಸ್ತೆ ಕಾಣುತ್ತಿತ್ತು, ಮುಂದಿನ ಬಸ್ಸಿನಾಚೆಯ ಸಿಗ್ನಲ್ ಕಾಣುತ್ತಿತ್ತು. ದೂರದ ತಿರುವಿನಲ್ಲಿ ಯಾವ ಕಾರು ಬರುತ್ತಿದೆಯೆಂದು ಎಲ್ಲರಿಗಿಂತ ಮೊದಲು ನನಗೇ ತಿಳಿಯುತ್ತಿತ್ತು. ಕಾದ ಕಲ್ಲಿನ ಗೋಡೆಯ ಮೇಲೆ ಎದ್ದು ನಿಂತ ಹಾಗಿತ್ತು. ಏನು ಮಾಡಲಿ, ಖುಷಿಯಾಯಿತು. ಮರೆಮಾಚಲು ಎಷ್ಟು ಕೆಮ್ಮಿದರೂ ಹಿಂದಿನ ಸೀಟಿನಿಂದ ನಮ್ಮನೆಯವರು ಕನ್ನಡಿಯಲ್ಲಿ ನನ್ನ ಮುಖ ನೋಡಿ ನಗುತ್ತಲೇ ಇದ್ದರು.

ಗಣಪತಿ ಹಬ್ಬ ಕಳೆದು, ಪಿತೃಪಕ್ಷ ಹಿಡಿಯುವ ಮುನ್ನ ಎಮ್ಮೆ ಮನೆಗೆ ಬಂತು. ಎದುರಿನ ಗುಡಿಯಲ್ಲೇ ಪೂಜೆ. ನಿಂಬೆಹಣ್ಣು ಸೆಟ್ ದೋಸೆಯಾಯಿತು, ನಾನೇ ಗುಡಿಸಿದೆ. ಲಾಡು ನಮ್ಮ ಗೇಟಿನ ಪಕ್ಕದಲ್ಲಿ ಮುಖ ಸಣ್ಣದು ಮಾಡಿಕೊಂಡು ನಿಂತಿತ್ತು. ಅದು ಯಾವತ್ತೂ ಹಾಗೆಯೇ ಇತ್ತು, ಅವತ್ತು ನನಗೆ ಹಾಗೆ ಕಂಡಿತು. ಅದನ್ನು ರಿಂಗ್ ರೋಡಿನ ಅಂಗಡಿಗೆ ಬಿಡಲು ನನಗೆ ಮನಸ್ಸು ಬರಲಿಲ್ಲ. ವಿದ್ಯಾಳ ತಂಗಿ ರೂಪಾಳನ್ನು ಕರೆಸಿದೆ. ಅವಳು ಬಂದು ಒಮ್ಮೆ ಸುತ್ತು ಹಾಕಿ, ಏಸಿಯ ಗುಬುಟನ್ನು ಟಕ್ ಟಕ್ ಎಂದು ತಿರುಗಿಸಿ, "ಆಂಟಿ, ಇದೇ ಬೇಕಿತ್ತು ನಂಗೆ, ಈ ಸೌಂಡು" ಎಂದಳು. ಅಲ್ಲಿಗೆ ಮುಗಿಯಿತು. ಸಂಬಂಧ ನೋಡಲು ಬಂದವರು ಹುಡುಗಿಯ ರಾಗಿರೊಟ್ಟಿ ಮೆಚ್ಚಿದ ಹಾಗೆ ನನಗೆ ಸಮಾಧಾನವಾಯಿತು. ಪಕ್ಷದಲ್ಲಿ ಬೇಡ, ನವರಾತ್ರಿ ಹುಟ್ಟಿದ ಮೇಲೆ ಬಂದು ಪೂಜೆ ಮಾಡಿಸಿ ತೆಗೆದುಕೊಂಡು ಹೋಗುತ್ತೇನೆಂದಳು.

ನಿನ್ನೆ ಒಂದನೇ ತಾರೀಖು. ನಮ್ಮ ಕಂಪನಿ ಜಿಗಿದಿತ್ತು. ಜಿಗಿದದ್ದೆಲ್ಲ ಎತ್ತರದ ಗಾಡಿಯಿಂದಲೇ. ಲಾಡು ಬಳಗದಲ್ಲಿ ಬೆಂಕಿ ಬಿದ್ದಿತ್ತು.

"ಯಾರ್ ಗುರು ಈ ಎಮ್ಮೆಗಳನ್ನ ತಗೊಳ್ತಿರೋದು? ಒಬ್ರನ್ನಾದ್ರೂ ತೋರ್ಸಿ ನಂಗೆ" ಎಂದು ಕಿರಣ ಬರೆದಿದ್ದ.

ನಾನು ಸೆರಗಿಗೆ ಕೈ ಒರೆಸಿಕೊಂಡು, "ನಾನಪ್ಪ" ಎಂದು ಬರೆದೆ. ಕೆಳಗೆ, "ನಮ್ಮತ್ತೆ ಮಂಡಿ" ಎಂದೂ ಸೇರಿಸಿದೆ.

ಮೊದಲ ಉತ್ತರ ಕಿರಣನದೇ ಬಂತು. "ಅಕ್ಕ, ನೀವೂನಾ." ಸ್ವಲ್ಪ ಹೊತ್ತಿಗೆ ಜೆ.ಪಿ. ನಗರದವರೊಬ್ಬರು, "ನಮ್ಮಪ್ಪಂಗೂ ಮಂಡಿ ನೋವು. ಒಳಗೆ ಕೂರೋಕೆ ಹೇಗಿದೆ ಮೇಡಂ?" ಎಂದರು. ಮತ್ತೊಬ್ಬರು ಅತ್ತೆಯ ಎತ್ತರ ಕೇಳಿದರು. ಇನ್ನೊಬ್ಬರು ಸೊಂಟದ ವಿಷಯ ತೆಗೆದರು. ಲಾಡು ಬಳಗದಲ್ಲಿ ಎಷ್ಟು ಮಂಡಿಗಳಿದ್ದವೆಂದು ನನಗೆ ನಿನ್ನೆಯೇ ಗೊತ್ತಾದದ್ದು. ಕೊನೆಗೆ ಕಿರಣನೂ ಖಾಸಗಿಯಾಗಿ ಒಂದು ಸಾಲು ಕಳಿಸಿದ: "ಅಕ್ಕ, ಸುಮ್ನೆ ಕೇಳ್ತಿದೀನಿ, ಆ ಪರದೆ ಅಭ್ಯಾಸ ಆಗುತ್ತಾ?"

ಉತ್ತರ ಬರೆಯುವಷ್ಟರಲ್ಲಿ ಕೆಳಗೆ ಹಾರ್ನ್ ಕೇಳಿಸಿತು. ಆ ಹಾರ್ನ್ ನನಗೆ ನಿದ್ದೆಯಲ್ಲೂ ಗೊತ್ತಾಗುತ್ತದೆ. ಬೆಳಗ್ಗೆಯೇ ಬಂದು ಕೀ ತೆಗೆದುಕೊಂಡು ಹೋಗಿದ್ದ ರೂಪಾ ಲಾಡುವನ್ನು ತೊಳೆಸಿ, ಕನಕಾಂಬರ ಸುತ್ತಿ, ಗುಡಿಯ ಮುಂದೆ ನಿಲ್ಲಿಸಿದ್ದಳು. ಅಕ್ಕ ವಿದ್ಯಾ ಆರತಿ ತಟ್ಟೆ ಹಿಡಿದಿದ್ದಳು. ಅರ್ಚಕರು ನಿಂಬೆಹಣ್ಣು ಕೇಳಿದಾಗ ಅಕ್ಕತಂಗಿಯರು ಮುಖ ಮುಖ ನೋಡಿಕೊಂಡರು. ಅವಳು ತಂದಿರುತ್ತಾಳೆಂದು ಇವಳು, ಇವಳು ತಂದಿರುತ್ತಾಳೆಂದು ಅವಳು. ನಾನು ಫ್ರಿಡ್ಜಿನಿಂದ ಚಿತ್ರಾನ್ನಕ್ಕೆಂದು ಇಟ್ಟಿದ್ದ ಹಣ್ಣುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಮೆಟ್ಟಿಲಿಳಿದು ಓಡಿದೆ. ಅತ್ತೆ ಬಾಲ್ಕನಿಯಿಂದ, "ಹಿಂದಿನ ಚಕ್ರಕ್ಕೆ ದಪ್ಪಂದು ಇಡೇ" ಎಂದು ಕೂಗಿದರು.

ನಾಲ್ಕೂ ಚಕ್ರಕ್ಕೆ ನಾನೇ ಇಟ್ಟೆ. ರೂಪಾ ಗೇರು ಹಾಕಿದಳು, ಮುದ್ದಿನಿಂದಲೇ ಹಾಕಿದಳು. ಪಿಚಕ್ಕನೆ ಸದ್ದಾಯಿತು. ಲಾಡು ತಿರುವಿನವರೆಗೆ ಹೋಗಿ, ಗುಂಡನೆಯ ಬೆನ್ನು ತೋರಿಸಿ, ಮರೆಯಾಯಿತು. ಬಳಗಕ್ಕೆ ಸುದ್ದಿ ಹಾಕಿದೆ: ಇವತ್ತು ಗುಡಿಗೆ ಒಂದು ಲಾಡು ಬಂದಿತ್ತು.

"ಹೊಸದಾ ಅಕ್ಕ?" ಎಂದು ಕಿರಣ ಕೇಳಿದ.

"ಹೊಸದೇ" ಎಂದೆ.

ಹಾಗಾಗಿ ಇವತ್ತು ಬೆಳಗ್ಗೆ ಬಾಗಿಲಲ್ಲಿ ಸಿಕ್ಕಿದ ನಿಂಬೆಹಣ್ಣನ್ನು ನಾನು ಗುಡಿಸಲಿಲ್ಲ. ಎರಡು ಹೋಳನ್ನೂ ಇದ್ದಲ್ಲೇ ಬಿಟ್ಟು, ಸುತ್ತ ಚುಕ್ಕಿ ಇಟ್ಟು, ಎಂಟು ದಳದ ರಂಗೋಲಿ ಎಳೆದೆ.